ಸುರಪುರದ ಟೇಲರ್ ಸಾಹೇಬ

ದೊಡ್ಡವರ ಚರಿತ್ರೆಗಳನ್ನು ಓದುವಾಗ ಅವರೆಲ್ಲರೂ ಎಲ್ಲಿಯೋ ದೂರದ ಊರುಗಳಲ್ಲಿ ಹುಟ್ಟಿ, ದೂರದ ಊರುಗಳಲ್ಲಿಯೇ ಬಾಳಿ ಕಣ್ಮರೆಯಾದವರೆಂದು ನಮಗೆ ತೋರುತ್ತದೆ. ಆಳಂದ, ಅಫಜಲಪುರ, ಜೇವರ್ಗಿಗಳಂಥ ಬಿಸಿಲುನಾಡಿನ ತಾಲ್ಲೂಕುಗಳಿಗೆ ಇತಿಹಾಸದ ಪುಸ್ತಕಗಳಲ್ಲಿ ಎಡೆ ದೊರೆಯುವುದು ಅಪರೂಪ. ದೊರೆತರೂ ಯಾವುದೋ ಬಾದಶಹನ ದಂಡು ಈ ಹಾದಿಯಲ್ಲಿ ಹಾದುಹೋಯಿತೆಂಬ ಒಂದು ಸಾಲು, ಅಷ್ಟೆ. ಹೀಗಿರಲು, ನಮ್ಮ ಜೇವರ್ಗಿಯ ನೆಲದಲ್ಲಿದ್ದ ಕಲ್ಲುಗುಪ್ಪೆಗಳನ್ನು ಅಗೆಸಿ ನೋಡಿ, ಅವುಗಳ ಚಿತ್ರ ಬರೆದು, ಮುಂಬಯಿಯ ಮತ್ತು ಐರ್ಲೆಂಡಿನ ವಿದ್ವತ್ಸಭೆಗಳ ಮುಂದೆ ಇಟ್ಟ ಅಧಿಕಾರಿಯೊಬ್ಬನಿದ್ದನೆಂದು ತಿಳಿದಾಗ ನನಗಾದ ಆಶ್ಚರ್ಯ ಅಷ್ಟಿಷ್ಟಲ್ಲ. ಆತನೇ ಕರ್ನಲ್ ಫಿಲಿಪ್ ಮೆಡೋಸ್ ಟೇಲರ್. ಸುರಪುರದ ಕಡೆಯವರ ಬಾಯಲ್ಲಿ ಆತ ಟೇಲರ್ ಸಾಹೇಬ.

ನಾನು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯವನು. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಈ ಸಾಹೇಬನ ಬಾಳಿನಲ್ಲಿ ನನ್ನ ಮನಸ್ಸನ್ನು ಮೊದಲು ಸೆಳೆದದ್ದು ಆತನ ಅಧಿಕಾರವೂ ಅಲ್ಲ, ಆತನು ಬರೆದ ಕಾದಂಬರಿಗಳೂ ಅಲ್ಲ. ಆತನು ಕಾಲೇಜಿನ ಮುಖವನ್ನೇ ಕಂಡವನಲ್ಲ ಎಂಬ ಸಂಗತಿ. ಪೋಲೀಸು, ನ್ಯಾಯ, ಜಮಾಬಂದಿ, ಭೂಮಾಪನ, ಕೆರೆ ಕಟ್ಟುವ ಕೆಲಸ, ಚಿತ್ರಕಲೆ, ಪುರಾತತ್ತ್ವ ಇವೆಲ್ಲವನ್ನೂ ಆತನು ಕೆಲಸ ಮಾಡುತ್ತ ಮಾಡುತ್ತಲೇ ಕಲಿತನು. ಅಂಥವನ ಬಾಳು ನಮ್ಮಂಥ ವಿದ್ಯಾರ್ಥಿಗಳು ತಿಳಿಯತಕ್ಕದ್ದೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಟೇಲರ್ ಹುಟ್ಟಿದ್ದು ೧೮೦೮ನೆಯ ಇಸವಿ ಸೆಪ್ಟೆಂಬರ್ ೨೫ರಂದು, ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದಲ್ಲಿ. ತಂದೆ ವ್ಯಾಪಾರಿ. ಮನೆತನ ಮರ್ಯಾದಸ್ಥರದೇ ಆದರೂ ವ್ಯಾಪಾರದಲ್ಲಿ ನಷ್ಟವೊದಗಿ ಕೈ ಬರಿದಾಗಿತ್ತು. ಹುಡುಗನ ಓದು ಅರ್ಧಕ್ಕೆ ನಿಂತಿತು. ಹದಿನೈದು ವರ್ಷದ ಬಾಲಕನನ್ನು ಮುಂಬಯಿಯ ಒಬ್ಬ ವರ್ತಕನ ಅಂಗಡಿಗೆ ಗುಮಾಸ್ತನನ್ನಾಗಿ ಕಳುಹಿಸಿಕೊಟ್ಟರು. ಮುಂದೆ ಆ ಅಂಗಡಿಯಲ್ಲಿ ಪಾಲುದಾರನಾಗಿ ಸಿರಿವಂತನಾಗುವನೆಂದು ಮನೆಯವರ ಆಸೆ. ೧೮೨೪ರಲ್ಲಿ ಹಡಗಿನಿಂದಿಳಿದು ನೋಡಿದರೆ ಅಂಗಡಿಯೇ ದಿವಾಳಿಯ ಅಂಚಿನಲ್ಲಿತ್ತು! ಸಾವಿರಾರು ಮೈಲಿ ದೂರದ ಪರದೇಶ. ಕೈಯಲ್ಲಿ ವಿದ್ಯೆಯಿಲ್ಲ, ಗಂಟಿನಲ್ಲಿ ಹಣವಿಲ್ಲ. ಮುಂಬಯಿ ಸರಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಬಂಧುವೊಬ್ಬನು ಕರುಣೆಯಿಟ್ಟು ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಒಂದು ಕೆಲಸ ಕೊಡಿಸಿದನು. ಅದೇ ವರ್ಷದ ನವೆಂಬರಿನಲ್ಲಿ, ಹದಿನಾರು ತುಂಬಿದ ಹೊಸತರಲ್ಲಿಯೇ, ಟೇಲರ್ ನಿಜಾಮನ ನೌಕರನಾದನು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಕಾಲದ ಇಂಗ್ಲಿಷ್ ಅಧಿಕಾರಿಗಳಲ್ಲಿಯೂ ಜಾತಿಭೇದವಿತ್ತು. ಕಂಪನಿ ಸರಕಾರದ ಕರಾರುಪತ್ರಕ್ಕೆ ಸಹಿ ಹಾಕಿ ಬಂದ ಸಿವಿಲ್ ನೌಕರರದು ಮೇಲುಪಂಕ್ತಿ. ಅವರಿಗೆ ದೊಡ್ಡ ಸಂಬಳ, ದೊಡ್ಡ ಪಿಂಚಣಿ. ನಿಜಾಮನ ನೌಕರಿಯಲ್ಲಿದ್ದ ಟೇಲರನಂಥವರು ಆ ಪಂಕ್ತಿಯ ಹೊರಗೆ ಕುಳಿತವರು. ಎಷ್ಟು ದುಡಿದರೂ ಮೇಲಿನ ಹುದ್ದೆ ದೊರೆಯುವುದು ಕಷ್ಟ. ಈ ಕೊರತೆಯನ್ನು ಆತನು ಕಲಿಕೆಯಿಂದ ತುಂಬಿಕೊಳ್ಳಲು ಹೊರಟನು. ಬಿಡುವಿನ ವೇಳೆಯಲ್ಲಿ ಹಿಂದೂಸ್ಥಾನಿ, ಫಾರ್ಸಿ, ಮರಾಠಿಗಳನ್ನು ಅಭ್ಯಾಸ ಮಾಡಿದನು. ದುಭಾಷಿಯ ಹಂಗಿಲ್ಲದೆ ರಯತರೊಡನೆ ಮಾತನಾಡಬಲ್ಲ ಸಾಹೇಬರು ಆಗ ಬೆರಳೆಣಿಕೆಯಷ್ಟು ಮಾತ್ರ. ಈ ಗುಣವೇ ಆತನ ಬಾಳಿಗೆ ಏಣಿಯಾಯಿತು.

ಹದಿನೆಂಟರ ಹರೆಯದಲ್ಲಿ ಆತನಿಗೆ ನಿಜಾಮ್ ಸೀಮೆಯ ನೈಋತ್ಯ ಭಾಗದ ಪೋಲೀಸು ಅಧಿಕಾರ ಬಂದಿತು. ಆಗ ಆತನು ಬಹುಕಾಲ ಬಿಡಾರ ಹೂಡಿದ್ದು ತುಳಜಾಪುರದಲ್ಲಿ. ಇಂದು ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಗೆ ಸೇರಿದ ಈ ಕ್ಷೇತ್ರವನ್ನು ನಮ್ಮವರಿಗೆ ಪರಿಚಯಿಸಬೇಕಾಗಿಲ್ಲ. ಆಳಂದ ಅಫಜಲಪುರಗಳ ಕಡೆಯಿಂದ ಅಂಬಾಭವಾನಿಯ ದರ್ಶನಕ್ಕೆ ನಡೆದುಹೋಗುವವರು ಇಂದಿಗೂ ಸಾವಿರಾರು. ಆ ದಿನಗಳ ಒಂದು ಪ್ರಸಂಗವನ್ನು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಹಿಟ್ಟು ಮಾರುವ ಕೆಲವು ವ್ಯಾಪಾರಿಗಳು ಹಿಟ್ಟಿನಲ್ಲಿ ಮರಳು ಬೆರೆಸುತ್ತಿದ್ದಾರೆಂದು ಜನ ದೂರು ತಂದರು. ಸಾಹೇಬನು ದಂಡವನ್ನೂ ಹಾಕಲಿಲ್ಲ, ಸೆರೆಮನೆಗೂ ತಳ್ಳಲಿಲ್ಲ. ಆ ವ್ಯಾಪಾರಿಗಳನ್ನೇ ಕರೆಸಿ, ಅವರವರ ಹಿಟ್ಟನ್ನೇ ತೂಗಿಸಿ, ರೊಟ್ಟಿ ಮಾಡಿಸಿ, ಎಲ್ಲರೆದುರಿಗೆ ಅವರಿಂದಲೇ ತಿನ್ನಿಸಿದನು. ಹಲ್ಲಿನಲ್ಲಿ ಮರಳು ಕರಕರ ಎಂದಾಗ ಅವರ ಮುಖ ಹೇಗಾಗಿರಬೇಕು! ಎಷ್ಟೋ ವರ್ಷಗಳ ಮೇಲೆ ಆತನು ಅದೇ ಸೀಮೆಗೆ ದೊಡ್ಡ ಅಧಿಕಾರಿಯಾಗಿ ಮರಳಿ ಬಂದಾಗಲೂ ಮುದುಕರು ಆ ಮರಳಿನ ರೊಟ್ಟಿಯನ್ನು ನೆನಪಿಟ್ಟಿದ್ದರು. ಕಾಯಿದೆಯ ಪುಸ್ತಕ ಓದಿ ಕಲಿತ ನ್ಯಾಯ ಇದಲ್ಲ. ನಮ್ಮ ಹಳ್ಳಿಯ ಹಿರಿಯರು ಕಟ್ಟೆಯ ಮೇಲೆ ಕುಳಿತು ಹೇಳುವ ನ್ಯಾಯದ ಜಾತಿಗೆ ಸೇರಿದ್ದು.

ಇದೇ ಸೀಮೆಯಲ್ಲಿ ದಾರಿಯ ಪಕ್ಕದಲ್ಲಿ ಹೂತಿಟ್ಟ ಹೆಣಗಳು ಮತ್ತೆ ಮತ್ತೆ ಸಿಕ್ಕವು. ಕೊಂದವರು ಯಾರೆಂದು ಸುಳಿವಿಲ್ಲ. ಅದರ ಬೆನ್ನು ಹತ್ತಬೇಕೆನ್ನುವಷ್ಟರಲ್ಲಿ ಟೇಲರನನ್ನು ಮತ್ತೆ ಸೈನ್ಯಕ್ಕೆ ಕರೆಸಿಕೊಂಡರು. ಮುಂದೆ ಕೆಲವೇ ವರ್ಷಗಳಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ಸ್ಲೀಮನ್ ಎಂಬ ಅಧಿಕಾರಿಯು ಥಗ್ಗರ ಜಾಲವನ್ನು ಬಯಲಿಗೆಳೆದನು. ಟೇಲರ್ ಆಗ ಹಿಂಗೋಲಿಯ ದಂಡಿನಲ್ಲಿದ್ದನು. ಅದೇ ಹಿಂಗೋಲಿಯ ಪೇಟೆಯಲ್ಲಿ ಸಭ್ಯ ವ್ಯಾಪಾರಿಯೆಂದು ಎಲ್ಲರೂ ನಂಬಿದ್ದ ಒಬ್ಬನು ಥಗ್ಗರ ನಾಯಕನೆಂದು ತಿಳಿದುಬಂದಿತು. ಸಿಕ್ಕಿಬಿದ್ದವರ ಹೇಳಿಕೆಗಳನ್ನು ಕೇಳಿದ ಟೇಲರನ ಮನಸ್ಸಿನಲ್ಲಿ ಒಂದು ಕಥೆ ಮೊಳೆಯಿತು. ಜ್ವರದಿಂದ ಹಣ್ಣಾಗಿ ರಜೆಯ ಮೇಲೆ ಸ್ವದೇಶಕ್ಕೆ ಹೋದಾಗ, ೧೮೩೯ರಲ್ಲಿ, ಥಗ್ಗನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿರುವ ಆತನ ಮೊದಲ ಕಾದಂಬರಿ ಅಚ್ಚಾಯಿತು. ಪುಸ್ತಕ ಅಚ್ಚಿನಲ್ಲಿರುವಾಗಲೇ ವಿಕ್ಟೋರಿಯಾ ರಾಣಿಯು ಅದರ ಕರಡು ಹಾಳೆಗಳನ್ನು ತರಿಸಿಕೊಂಡು ಓದಿದಳಂತೆ. ಥಗ್ ಎಂಬ ನಮ್ಮ ನಾಡಿನ ಮಾತು ಇಂಗ್ಲಿಷಿನಲ್ಲಿ ಮನೆಮಾತಾಗುವುದರಲ್ಲಿ ಈ ಪುಸ್ತಕದ ಪಾಲು ದೊಡ್ಡದು. ಥಗ್ಗರ ಕಥೆಗಳಲ್ಲಿ ನಿಜವೆಷ್ಟು, ಕಂಪನಿ ಸರಕಾರವು ಉಬ್ಬಿಸಿದ್ದೆಷ್ಟು ಎಂದು ಈಚಿನ ಇತಿಹಾಸಕಾರರು ಪ್ರಶ್ನಿಸಿದ್ದಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ಮರುವರ್ಷ ಟಿಪ್ಪೂ ಸುಲ್ತಾನನನ್ನು ಕುರಿತ ಕಾದಂಬರಿಯೂ ಹೊರಬಂದಿತು. ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಹಿಂದೂಸ್ಥಾನದ ಸುದ್ದಿ ಬರೆಯುವ ಕೆಲಸವೂ ಆತನ ಪಾಲಿಗೆ ಬಂದು, ೧೮೫೩ರ ವರೆಗೆ ನಡೆಯಿತು.

ಇಷ್ಟು ಹೆಸರು ಪಡೆದವನು ಲಂಡನ್ನಿನಲ್ಲಿಯೇ ನಿಲ್ಲಬಹುದಿತ್ತು. ಆದರೆ ಆತನು ಮರಳಿ ಬಂದನು. ಬಂದವನಿಗೆ ೧೮೪೧ರಲ್ಲಿ ಸುರಪುರದ ಕೆಲಸ ಕಾದಿತ್ತು.

ಕೃಷ್ಣಾ ಭೀಮಾ ನದಿಗಳ ನಡುವೆ ಗುಡ್ಡಗಳ ಮರೆಯಲ್ಲಿ ನೆಲೆನಿಂತ ಸುರಪುರವು ಬೇಡ ನಾಯಕರ ಸಂಸ್ಥಾನ. ಈಗ ಅದು ಯಾದಗಿರಿ ಜಿಲ್ಲೆಗೆ ಸೇರಿದೆ. ಔರಂಗಜೇಬನು ೧೭೦೫ರಲ್ಲಿ ತನ್ನ ಮುಪ್ಪಿನ ಕಾಲದಲ್ಲಿ ಖುದ್ದಾಗಿ ಮುತ್ತಿಗೆ ಹಾಕಿದ ಕೊನೆಯ ಕೋಟೆಯಾದ ವಾಗಿನಗೇರಿ ಈ ನಾಯಕರದೇ. ಅಂಥ ಸಂಸ್ಥಾನವು ಹತ್ತೊಂಬತ್ತನೆಯ ಶತಮಾನದಲ್ಲಿ ನಿಜಾಮನಿಗೆ ಕೊಡಬೇಕಾದ ನಜರಾಣೆ, ಕಪ್ಪ, ಸಾಹುಕಾರರ ಬಡ್ಡಿ ಇವುಗಳ ಭಾರದಿಂದ ಕುಸಿದಿತ್ತು. ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡನು. ಮಗ ವೆಂಕಟಪ್ಪ ನಾಯಕನು ಇನ್ನೂ ಎಳೆಯ ಹುಡುಗ. ಆಡಳಿತ ಯಾರ ಕೈಗೆ ಎಂಬುದೇ ಜಗಳ. ತೀರಿಕೊಂಡ ರಾಜನ ತಮ್ಮ ಪಿಡ್ಡ ನಾಯಕನು ಒಂದು ಕಡೆ, ಬಾಲರಾಜನ ತಾಯಿ ರಾಣಿ ಈಶ್ವರಮ್ಮನು ಇನ್ನೊಂದು ಕಡೆ. ಗುಡ್ಡದ ತುಂಬ ಬಂದೂಕು ಹಿಡಿದ ಬೇಡರ ಪಡೆ. ಹೈದರಾಬಾದಿನ ರೆಸಿಡೆಂಟನು ಈ ಸಿಕ್ಕನ್ನು ಬಿಡಿಸಲು ಟೇಲರನನ್ನು ಕಳುಹಿಸಿದನು. ದೊಡ್ಡ ಸೈನ್ಯವೇನೂ ಆತನ ಬೆನ್ನಿಗಿರಲಿಲ್ಲ. ಬೆದರಿಕೆ, ಸಂಧಾನ, ತಾಳ್ಮೆ ಇವುಗಳಿಂದ ಆತನು ರಕ್ತಪಾತವಿಲ್ಲದೆ ಆಡಳಿತದ ಸೂತ್ರವನ್ನು ಕೈಗೆ ತೆಗೆದುಕೊಂಡನು. ೧೮೫೩ರ ವರೆಗೆ, ಅಂದರೆ ಹನ್ನೆರಡು ವರ್ಷಗಳ ಕಾಲ, ಸುರಪುರವು ಆತನ ಮಾತಿನಂತೆ ನಡೆಯಿತು.

ಈ ಪ್ರಸಂಗವನ್ನು ಓದುವಾಗ ಒಂದು ಎಚ್ಚರ ಬೇಕು. ರಾಣಿ ಈಶ್ವರಮ್ಮನನ್ನು ಕುರಿತು ಟೇಲರ್ ಬಹಳ ಕಟುವಾಗಿ ಬರೆದಿದ್ದಾನೆ. ನಾವು ಅದನ್ನು ಇದ್ದದ್ದು ಇದ್ದಂತೆ ನುಂಗಬೇಕಾಗಿಲ್ಲ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು, ಮಗನ ಸಿಂಹಾಸನವು ಮೈದುನನ ಕೈಗೂ ಪರದೇಶಿಯ ಕೈಗೂ ಜಾರುವುದನ್ನು ಕಂಡು ಬೊಕ್ಕಸದ ಬೀಗದ ಕೈಯನ್ನು ಬಿಗಿಯಾಗಿ ಹಿಡಿದುಕೊಂಡದ್ದರಲ್ಲಿ ತಪ್ಪೇನು? ಆಕೆ ಆತ್ಮಕಥೆ ಬರೆಯಲಿಲ್ಲ. ಸಾಹೇಬನು ಬರೆದನು. ಆದ್ದರಿಂದ ಜಗತ್ತಿಗೆ ತಿಳಿದಿರುವುದು ಸಾಹೇಬನ ಮಾತು ಮಾತ್ರ.

ಆದರೂ ಆ ಹನ್ನೆರಡು ವರ್ಷಗಳಲ್ಲಿ ಸುರಪುರಕ್ಕೆ ಆದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಸಾಲದ ಲೆಕ್ಕಗಳನ್ನು ಬಿಡಿಸಿದನು, ರಸ್ತೆಗಳನ್ನು ಮಾಡಿಸಿದನು, ಕೆರೆಗಳ ಒಡ್ಡುಗಳನ್ನು ಬಲಪಡಿಸಿದನು. ಸುರಪುರದ ಸಮೀಪದ ಬೋನಾಳ ಕೆರೆಯನ್ನು ಹಿಗ್ಗಿಸಿ ದೊಡ್ಡ ಸರೋವರವನ್ನಾಗಿ ಮಾಡಿದ ಕೀರ್ತಿ ಆತನದು. ಮಳೆಯನ್ನೇ ನಂಬಿ ಬದುಕುವ ನಮ್ಮ ಸೀಮೆಯಲ್ಲಿ ಒಂದು ಕೆರೆಯ ಬೆಲೆ ಏನೆಂಬುದನ್ನು ರೈತರ ಮಕ್ಕಳಿಗೆ ಬಿಡಿಸಿ ಹೇಳಬೇಕೆ? ಆ ಕೆರೆ ಈಗ ಪಕ್ಷಿಧಾಮವೂ ಆಗಿದೆ; ದೂರದೂರದ ಹಕ್ಕಿಗಳು ಅಲ್ಲಿಗೆ ಬಂದಿಳಿಯುತ್ತವೆ. ಊರ ಗುಡ್ಡದ ಮೇಲೆ ತನಗಾಗಿ ಆತನು ಕಟ್ಟಿಸಿಕೊಂಡ ಮನೆಯನ್ನು ಜನ ಇಂದಿಗೂ ಟೇಲರ್ ಮಂಜಿಲ್ ಎಂದೇ ಕರೆಯುತ್ತಾರೆ.

ಆ ಮನೆಯಲ್ಲಿ ಆತನ ಬಾಳು ಒಂಟಿಯಾಗಿತ್ತು. ಹೈದರಾಬಾದಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರನ ಮಗಳು ಮೇರಿ ಆತನ ಹೆಂಡತಿ. ಈ ಪಾಮರನು ಇಂಗ್ಲಿಷ್ ತಂದೆಗೂ ಮುಸಲ್ಮಾನ ತಾಯಿಗೂ ಹುಟ್ಟಿದವನು. ಹಾಗಾಗಿ ಹಿಂದೂಸ್ಥಾನದ ರಕ್ತಸಂಬಂಧವು ಟೇಲರನ ಮನೆಯೊಳಕ್ಕೇ ಬಂದಿತ್ತು. ೧೮೪೪ರಲ್ಲಿ ಮೇರಿ ತೀರಿಕೊಂಡಳು. ಆಲಿಸ್, ಏಮಿ ಎಂಬ ಇಬ್ಬರು ಹೆಣ್ಣುಮಕ್ಕಳು ಕಡಲಾಚೆ ಬೆಳೆಯುತ್ತಿದ್ದರು. ಇತ್ತ ತಂದೆಯಿಲ್ಲದ ಬಾಲರಾಜ, ಅತ್ತ ಮಕ್ಕಳಿಂದ ದೂರವಾದ ತಂದೆ. ಇಬ್ಬರ ನಡುವೆ ಒಂದು ನಂಟು ಬೆಳೆಯಿತು. ವೆಂಕಟಪ್ಪ ನಾಯಕನು ಸಾಹೇಬನನ್ನು ಅಪ್ಪಾ ಎಂದೇ ಕರೆಯುತ್ತಿದ್ದನು.

ಒಂಟಿತನವನ್ನು ಮರೆಯಲು ಆತನು ಹಿಡಿದದ್ದು ಹವ್ಯಾಸಗಳನ್ನು. ಗುಡ್ಡ, ಕೆರೆ, ಗುಡಿಗಳ ಚಿತ್ರ ಬರೆಯುವುದು ಒಂದು. ಅದಕ್ಕಿಂತ ದೊಡ್ಡದು ಹಳೆಯ ಕಲ್ಲುಗಳ ಹುಚ್ಚು. ಸುರಪುರದ ರಾಜನಕೋಳೂರಿನಲ್ಲಿ ಚಪ್ಪಡಿ ಕಲ್ಲುಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಸಣ್ಣ ಸಣ್ಣ ಮನೆಗಳಂಥ ರಚನೆಗಳಿವೆ. ಇವು ಮೋರೇರೆಂಬ ಕುಳ್ಳ ಜನರ ಮನೆಗಳೆಂದು ನಮ್ಮವರ ನಂಬಿಕೆ. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ದೊಡ್ಡ ಬಂಡೆಗಳನ್ನು ಸಾಲುಸಾಲಾಗಿ ಬಯಲಲ್ಲಿ ಇಟ್ಟಿದ್ದಾರೆ. ಜೇವರ್ಗಿಯ ಬಳಿ ನೆಲದ ಮೇಲೆ ವರ್ತುಲಾಕಾರವಾಗಿ ಕಲ್ಲುಗಳನ್ನಿಟ್ಟ ಗುಪ್ಪೆಗಳಿದ್ದವು. ದನ ಮೇಯಿಸುವ ಹುಡುಗರು ದಿನವೂ ಅವುಗಳ ಮೇಲೆ ಕುಳಿತೆದ್ದಿರಬೇಕು. ಟೇಲರ್ ಕುದುರೆ ಇಳಿದು ನಿಂತು ನೋಡಿದನು. ಇಂಥವೇ ಕಲ್ಲುಗುಪ್ಪೆಗಳು ತನ್ನ ದೇಶದಲ್ಲಿಯೂ ಉಂಟಲ್ಲವೆ? ಇವುಗಳ ಹೊಟ್ಟೆಯಲ್ಲಿ ಏನಿದೆ?

ಜೇವರ್ಗಿಯ ಗುಪ್ಪೆಗಳನ್ನು ಅಗೆಸಿದಾಗ ಒಳಗೆ ಮನುಷ್ಯರ ಎಲುಬುಗಳು, ಕೆಂಪು ಕಪ್ಪು ಬಣ್ಣದ ಮಡಕೆಗಳು ದೊರೆತವು. ಕೆಲವು ಅಸ್ಥಿಪಂಜರಗಳಲ್ಲಿ ರುಂಡ ಬೇರೆ, ಮುಂಡ ಬೇರೆ. ಇದು ನರಬಲಿಯ ಗುರುತಿರಬಹುದೆಂದು ಆತನು ತರ್ಕಿಸಿದನು. ಇಷ್ಟಾಗಿದ್ದರೆ ನಿಧಿ ಅಗೆಯುವವನಿಗೂ ಆತನಿಗೂ ಹೆಚ್ಚಿನ ಭೇದವಿರುತ್ತಿರಲಿಲ್ಲ. ಆದರೆ ಆತನು ಮಾಡಿದ ಕೆಲಸವೇ ಬೇರೆ. ಗುಪ್ಪೆಯನ್ನು ಮೇಲಿನಿಂದ ಕೆಳಗೆ ಸೀಳಿ, ಯಾವ ಪದರದಲ್ಲಿ ಯಾವ ಮಣ್ಣು, ಯಾವ ಪದರದಲ್ಲಿ ಕಲ್ಲು, ಮಡಕೆ ಎಲ್ಲಿ, ಎಲುಬು ಎಲ್ಲಿ ಎಂಬುದೆಲ್ಲವನ್ನೂ ಚಿತ್ರದಲ್ಲಿ ತೋರಿಸಿದನು. ಹಾಲು ಕಾಯಿಸಿದಾಗ ಕೆನೆ ಮೇಲೆ ನಿಲ್ಲುವಂತೆ ಮಣ್ಣಿನಲ್ಲಿಯೂ ಕಾಲವು ಪದರ ಪದರವಾಗಿ ನಿಲ್ಲುತ್ತದೆ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಪದರಗಳನ್ನು ಕಲಸಿಬಿಟ್ಟರೆ ಕಾಲವೇ ಕಲಸಿಹೋಗುತ್ತದೆ. ಈ ತತ್ತ್ವವು ಇಂದು ಪುರಾತತ್ತ್ವದ ಮೊದಲ ಪಾಠ. ಆ ಕಾಲದಲ್ಲಿ ಯುರೋಪಿನಲ್ಲಿಯೂ ಹಾಗೆ ಅಗೆಯುವವರು ವಿರಳ. ಜೇವರ್ಗಿಯ ಲೇಖನವು ೧೮೫೦ರ ದಶಕದ ಆರಂಭದಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಬಂದಿತು. ೧೮೬೦ರ ದಶಕದಲ್ಲಿ ರಾಯಲ್ ಐರಿಷ್ ಅಕಾಡೆಮಿಯ ಸಂಪುಟದಲ್ಲಿ ದಖ್ಖನಿನ ಈ ಎಲ್ಲ ಕಲ್ಲುಗುಪ್ಪೆಗಳ ದೊಡ್ಡ ಲೇಖನವು ಪ್ರಕಟವಾಯಿತು. ೧೯೪೭ರಲ್ಲಿ ನಮ್ಮ ಬ್ರಹ್ಮಗಿರಿಯನ್ನು ಅಗೆಸಿದ ಪ್ರಸಿದ್ಧ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರನು ಜೇವರ್ಗಿಯ ಈ ಚಿತ್ರಗಳನ್ನು ಮೆಚ್ಚಿ ನೆನೆದಿದ್ದಾನೆ.

ಟೇಲರನ ತೀರ್ಮಾನ ಮಾತ್ರ ಸರಿಯಾಗಿರಲಿಲ್ಲ. ಯುರೋಪಿನ ಕೆಲ್ಟರು, ಮಧ್ಯ ಏಷ್ಯದ ಸಿಥಿಯನ್ನರು ಬಂದು ಇವುಗಳನ್ನು ಕಟ್ಟಿದರೆಂದು ಆತನು ಎಣಿಸಿದನು. ಇವು ದಕ್ಷಿಣ ಹಿಂದೂಸ್ಥಾನದ ಕಬ್ಬಿಣ ಯುಗದ ಜನರ ಸಮಾಧಿಗಳೆಂದು ಈಗಿನ ವಿದ್ವಾಂಸರು ತಿಳಿಸಿದ್ದಾರೆ. ಆದರೆ ಗಮನಿಸಿರಿ: ಆತನ ಊಹೆ ಬಿದ್ದುಹೋದರೂ ಆತನ ಚಿತ್ರ ಬಿದ್ದುಹೋಗಲಿಲ್ಲ. ಕಂಡದ್ದನ್ನು ಕಂಡಂತೆ ಬರೆದಿಟ್ಟವನ ಕೆಲಸ, ಆತನ ಅಭಿಪ್ರಾಯ ಸುಳ್ಳಾದ ಮೇಲೂ ಉಳಿಯುತ್ತದೆ.

ಇನ್ನು ಕಥೆಯ ಕಹಿ ಭಾಗಕ್ಕೆ ಬರೋಣ. ೧೮೫೩ರಲ್ಲಿ ವೆಂಕಟಪ್ಪ ನಾಯಕನು ವಯಸ್ಸಿಗೆ ಬಂದು ಆಡಳಿತ ವಹಿಸಿಕೊಂಡನು. ಅದೇ ವರ್ಷ ನಿಜಾಮನು ಸಾಲಕ್ಕೆ ಈಡಾಗಿ ವರ್ಹಾಡ, ರಾಯಚೂರು ದೋಆಬ, ನಳದುರ್ಗದ ಸೀಮೆಗಳನ್ನು ಇಂಗ್ಲಿಷರಿಗೆ ಒಪ್ಪಿಸಿದನು. ಟೇಲರನಿಗೆ ಆಳಂದದ ಪಶ್ಚಿಮದ ನೆರೆಯಾದ ನಳದುರ್ಗದ ಸೀಮೆ ದೊರೆಯಿತು. ಅಲ್ಲಿ ಆತನು ಭೂಮಾಪನವನ್ನು ತಾನೇ ಕಲಿತು, ಸ್ಥಳೀಯ ತರುಣರಿಗೂ ಕಲಿಸಿ, ಹೊಲ ಹೊಲ ಅಳೆಸಿ ಕಂದಾಯ ನಿಗದಿ ಮಾಡಿದನು. ೧೮೫೭ರ ದಂಗೆ ಎದ್ದಾಗ ಆತನನ್ನು ವರ್ಹಾಡದ ಬುಲ್ಡಾಣಕ್ಕೆ ಅಟ್ಟಿದರು. ಕೈಯಲ್ಲಿ ಸೈನ್ಯವಿಲ್ಲದಿದ್ದರೂ ಆತನು ಆ ಜಿಲ್ಲೆಯನ್ನು ಶಾಂತವಾಗಿಟ್ಟನು. ಇಂಗ್ಲಿಷ್ ದಂಡಿಗೆ ಬೇಕಾದ ಎತ್ತುಗಳನ್ನೂ ಸರಬರಾಜುಗಳನ್ನೂ ಕೂಡಿಸಿಕೊಟ್ಟನು. ಇಲ್ಲಿ ಆತನು ಯಾರ ಪಕ್ಷದವನೆಂಬುದರಲ್ಲಿ ಸಂಶಯವೇ ಇಲ್ಲ. ರಯತರನ್ನು ಎಷ್ಟೇ ಪ್ರೀತಿಸಿದರೂ ಆತನು ಆಳುವವರ ಮನುಷ್ಯನು.

ಇತ್ತ ಸುರಪುರದ ತರುಣ ರಾಜನು ಮತ್ತೊಂದು ಹಾದಿ ಹಿಡಿದಿದ್ದನು. ನರಗುಂದದ ಬಾಬಾಸಾಹೇಬ, ಮುಂಡರಗಿ ಭೀಮರಾಯರು ಇಂಗ್ಲಿಷರ ವಿರುದ್ಧ ಎದ್ದ ವರ್ಷವೇ, ೧೮೫೮ರ ಫೆಬ್ರವರಿಯಲ್ಲಿ, ಸುರಪುರವೂ ಎದ್ದಿತು. ಬೇಡರ ಪಡೆಯು ಊರ ಹೊರಗಿನ ಇಂಗ್ಲಿಷ್ ಶಿಬಿರದ ಮೇಲೆ ರಾತ್ರಿ ಬಿದ್ದಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತನು. ಆದರೆ ಇಂಗ್ಲಿಷರ ಹೊಸ ಪಡೆಗಳು ಎರಡು ಕಡೆಯಿಂದ ಬರುತ್ತಿದ್ದವು. ರಾಜನು ಕೆಲವರೊಡನೆ ಹೈದರಾಬಾದಿಗೆ ತಪ್ಪಿಸಿಕೊಂಡು ಹೋದನು. ಅಲ್ಲಿ ನಿಜಾಮನ ದಿವಾನ ಸಾಲಾರ್ ಜಂಗನ ಜನ ಆತನನ್ನು ಹಿಡಿದು ರೆಸಿಡೆಂಟನಿಗೆ ಒಪ್ಪಿಸಿದರು.

ಟೇಲರ್ ಸೆರೆಯಲ್ಲಿದ್ದ ರಾಜನನ್ನು ನೋಡಲು ಹೋದನು. ಹುಡುಗನಾಗಿದ್ದಾಗ ಕೈಹಿಡಿದು ನಡೆಸಿದವನು ಈಗ ಕೈಕೋಳದ ಮಗನೆದುರು ನಿಂತನು. ದಂಗೆಗೆ ಕುಮ್ಮಕ್ಕು ಕೊಟ್ಟವರ ಹೆಸರುಗಳು ತಿಳಿಯಬಹುದೆಂದು ಮೇಲಿನವರಿಗೆ ಆಸೆಯಿತ್ತು. ರಾಜನು ಅಪ್ಪನೆಂದು ಕರೆದವನ ಮುಂದೆಯೂ ಒಬ್ಬನ ಹೆಸರನ್ನೂ ಬಾಯಿಬಿಡಲಿಲ್ಲ. ಸಾವಿಗೆ ಹೆದರುವುದಿಲ್ಲವೆಂದೂ, ಕಳ್ಳನಂತೆ ನೇಣಿಗೆ ಹಾಕದೆ ತೋಪಿನ ಬಾಯಿಗೆ ಕಟ್ಟಿದರೆ ಸಾಕೆಂದೂ ತಿಳಿಸಿದನು. ಇದನ್ನು ಬರೆದಿಟ್ಟವನೂ ಟೇಲರನೇ. ತನ್ನ ಸರಕಾರದ ವಿರುದ್ಧ ಎದ್ದವನ ಘನತೆಯನ್ನು ಆತನು ಮುಚ್ಚಿಡಲಿಲ್ಲವೆಂಬುದನ್ನು ನಾವು ಮರೆಯಬಾರದು. ಮರಣದಂಡನೆಯು ಕಡಿಮೆಯಾಗುತ್ತ ಬಂದು, ಕೊನೆಗೆ ಮದ್ರಾಸಿನ ಕಡೆಯ ಕೋಟೆಯೊಂದರಲ್ಲಿ ನಾಲ್ಕು ವರ್ಷಗಳ ಸೆರೆ ಎಂದು ಗೊತ್ತಾಯಿತು. ನಾಲ್ಕು ವರ್ಷ ಕಳೆದರೆ ಮತ್ತೆ ಸುರಪುರವನ್ನು ಕಾಣಬಹುದಿತ್ತು. ಆದರೆ ೧೮೫೮ರ ಮೇ ತಿಂಗಳಲ್ಲಿ ಹೈದರಾಬಾದಿನಿಂದ ಹೊರಟ ಮೊದಲ ಬಿಡಾರದಲ್ಲಿಯೇ ರಾಜನು ಪಿಸ್ತೂಲಿನ ಗುಂಡಿಗೆ ತೀರಿಕೊಂಡನು. ಕಾವಲಿನ ಅಧಿಕಾರಿಯ ಪಿಸ್ತೂಲನ್ನು ಎತ್ತಿಕೊಂಡು ತಾನೇ ಹೊಡೆದುಕೊಂಡನೆಂದು ಸರಕಾರಿ ಬರಹ ಹೇಳುತ್ತದೆ. ಹಾಗಲ್ಲ, ಕೊಂದರೆಂದು ನಂಬಿದವರೂ ಉಂಟು. ಆಗ ಆತನ ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು. ನಮಗಿಂತ ನಾಲ್ಕೇ ವರ್ಷ ದೊಡ್ಡವನು!

ರಾಜನಿಲ್ಲದ ಸುರಪುರವನ್ನು ನೋಡಿಕೊಳ್ಳಲು ಟೇಲರನನ್ನೇ ಮತ್ತೆ ಕಳುಹಿಸಿದರು. ಯಾವ ಸಂಸ್ಥಾನವನ್ನು ಮಗನಂಥವನಿಗಾಗಿ ಹನ್ನೆರಡು ವರ್ಷ ಕಾಪಾಡಿದನೋ ಅದೇ ಸಂಸ್ಥಾನದ ಮುಕ್ತಾಯದ ಲೆಕ್ಕವನ್ನು ಆತನೇ ಬರೆಯಬೇಕಾಯಿತು. ಆ ದಿನಗಳಲ್ಲಿ ಟೇಲರ್ ಮಂಜಿಲಿನ ಅಂಗಳದಿಂದ ಬರಿದಾದ ಅರಮನೆಯನ್ನು ನೋಡುವಾಗ ಆತನ ಎದೆಯಲ್ಲಿ ಏನಿತ್ತೋ! ೧೮೬೦ರಲ್ಲಿ ಆರೋಗ್ಯ ಕೆಟ್ಟು ಆತನು ಸ್ವದೇಶಕ್ಕೆ ಹೊರಟನು. ಅದೇ ವರ್ಷದ ಒಪ್ಪಂದದಿಂದ ಸುರಪುರವು ನಿಜಾಮನ ಪಾಲಾಯಿತು. ೧೯೪೮ರಲ್ಲಿ ಹೈದರಾಬಾದು ವಿಮೋಚನೆಯಾಗುವ ವರೆಗೂ ಹಾಗೆಯೇ ಇತ್ತು.

ಡಬ್ಲಿನ್ ನಗರದ ಬಳಿ ನೆಲೆಸಿದ ಟೇಲರ್ ಉಳಿದ ಕಾಲವನ್ನು ಬರಹಕ್ಕೆ ಮುಡಿಪಾಗಿಟ್ಟನು. ೧೮೬೩ರಲ್ಲಿ ತಾರಾ, ೧೮೬೫ರಲ್ಲಿ ರಾಲ್ಫ್ ಡಾರ್ನೆಲ್, ೧೮೭೨ರಲ್ಲಿ ಸೀತಾ ಎಂಬ ಕಾದಂಬರಿಗಳು ಬಂದವು. ಮೊದಲನೆಯದು ೧೬೫೭ರ, ಎರಡನೆಯದು ೧೭೫೭ರ, ಮೂರನೆಯದು ೧೮೫೭ರ ಕಥೆ. ಒಂದೊಂದು ನೂರು ವರ್ಷಕ್ಕೆ ಹಿಂದೂಸ್ಥಾನದ ಬಾಳು ಹೇಗೆ ಹೊರಳಿತೆಂಬುದನ್ನು ತೋರಿಸುವುದು ಆತನ ಉದ್ದೇಶ. ತಾರಾ ಕಾದಂಬರಿಯಲ್ಲಿ ತುಳಜಾಪುರವುಂಟು, ಬಿಜಾಪುರದ ದರಬಾರುಂಟು, ಶಿವಾಜಿ ಅಫಜಲಖಾನರುಂಟು. ಚಾಂದಬೀಬಿಯನ್ನು ಕುರಿತ ಕೊನೆಯ ಕಾದಂಬರಿಯು ಆತನು ಸತ್ತ ಮೇಲೆ ೧೮೭೮ರಲ್ಲಿ ಪ್ರಕಟವಾಯಿತು. ಹಿಂದೂಸ್ಥಾನದ ಇತಿಹಾಸವನ್ನು ವಿದ್ಯಾರ್ಥಿಗಳಿಗಾಗಿ ೧೮೭೦ರಲ್ಲಿ ಬರೆದನು. ಕೊನೆಗಾಲದಲ್ಲಿ ಕಣ್ಣು ಮಂಜಾದವು. ೧೮೭೫ರಲ್ಲಿ ಮತ್ತೊಮ್ಮೆ ಹೈದರಾಬಾದಿಗೆ ಬಂದುಹೋದನು. ಮರುವರ್ಷ, ೧೮೭೬ನೆಯ ಇಸವಿ ಮೇ ೧೩ರಂದು, ಫ್ರಾನ್ಸಿನ ಮೆಂಟನ್ ಪಟ್ಟಣದಲ್ಲಿ ತೀರಿಕೊಂಡನು. ಮಗಳು ಆಲಿಸ್ ತಂದೆಯ ಆತ್ಮಕಥೆಯನ್ನು ಸಿದ್ಧಪಡಿಸಿ ೧೮೭೭ರಲ್ಲಿ ಹೊರತಂದಳು.

ಈ ಬಾಳನ್ನು ಹೇಗೆ ತೂಗೋಣ? ಒಳ್ಳೆಯ ಸಾಹೇಬನೆಂದು ಹೊಗಳಿ ಕೈತೊಳೆದುಕೊಂಡರೆ ವೆಂಕಟಪ್ಪ ನಾಯಕನಿಗೆ ಅನ್ಯಾಯವಾಗುತ್ತದೆ. ಪರಕೀಯನೆಂದು ತಳ್ಳಿಬಿಟ್ಟರೆ ಬೋನಾಳ ಕೆರೆಯ ನೀರಿಗೆ ಅನ್ಯಾಯವಾಗುತ್ತದೆ. ನನಗೆ ತೋರುವುದಿಷ್ಟು: ಆತನ ಅಧಿಕಾರವು ಆತನೊಡನೆ ಹೋಯಿತು, ಆತನು ಸೇವೆ ಮಾಡಿದ ಸಾಮ್ರಾಜ್ಯವೂ ಹೋಯಿತು. ಉಳಿದದ್ದು ಕೆರೆ ಮತ್ತು ಬರಹ. ಆ ಬರಹದ ಬಲ ಎಂಥದೆಂದರೆ, ನಮ್ಮ ರಾಜನ ಕೊನೆಯ ಮಾತುಗಳನ್ನು ತ��ಳಿಯಬೇಕಾದರೂ ನಾವು ಆ ಪರಕೀಯನ ಪುಸ್ತಕವನ್ನೇ ತೆರೆಯಬೇಕು. ರಾಣಿ ಈಶ್ವರಮ್ಮನ ಮನಸ್ಸನ್ನು ತಿಳಿಯಲು ತೆರೆಯುವುದಕ್ಕೆ ಪುಸ್ತಕವೇ ಇಲ್ಲ.

ಆಳಂದದ ಅಮರ್ಜೆಯು ಅಫಜಲಪುರದ ಗಾಣಗಾಪುರದಲ್ಲಿ ಭೀಮೆಯನ್ನು ಕೂಡಿ, ಜೇವರ್ಗಿಯತ್ತ ಹರಿಯುತ್ತದೆ. ಈ ನೀರಿನ ಎರಡೂ ದಂಡೆಗಳಲ್ಲಿ ನಮ್ಮ ಅಜ್ಜ ಮುತ್ತಜ್ಜರು ಕಣ್ಣಾರೆ ಕಂಡದ್ದು ಎಷ್ಟಿಲ್ಲ! ಮಣ್ಣಿನ ಬಣ್ಣ ನೋಡಿ ಬೆಳೆ ಹೇಳುವ ನಮ್ಮ ತಂದೆಯಂಥವರಿಗೆ ಹೊಲದ ಒಂದೊಂದು ಕಲ್ಲಿನ ಕಥೆಯೂ ಗೊತ್ತು. ಬರೆಯುವ ಅಕ್ಷರವೊಂದು ಮಾತ್ರ ಅವರ ಕೈಯಲ್ಲಿರಲಿಲ್ಲ. ಅದು ಈಗ ನಮ್ಮ ಕೈಗೆ ಬಂದಿದೆ. ಹದಿನೈದಕ್ಕೆ ಶಾಲೆ ಬಿಟ್ಟ ಪರದೇಶಿಯೊಬ್ಬನು ಕುದುರೆ ಇಳಿದು ನಮ್ಮ ಕಲ್ಲುಗುಪ್ಪೆಯನ್ನು ಅಷ್ಟು ಲಕ್ಷ್ಯವಿಟ್ಟು ನೋಡಬಲ್ಲವನಾದರೆ, ಪದವಿ ಪಡೆದು ಊರಿಗೆ ಮರಳುವ ನಾವು ಅದನ್ನು ದಾಟಿಕೊಂಡು ಹೋಗುವುದು ಸರಿಯೆ? ಹೊಲದ ಕಲ್ಲುಗಳು ಬದುವಿಗೂ ಗೋಡೆಗೂ ಸಾಗಿಹೋಗುವ ಮುನ್ನ, ಹಿರಿಯರ ನೆನಪು ಮಣ್ಣಾಗುವ ಮುನ್ನ, ಕಂಡದ್ದನ್ನು ಕಂಡಂತೆ ಬರೆದಿಡುವ ಕೆಲಸವನ್ನು ನಾವು ಮಾಡಬೇಕು. ನಮ್ಮ ಊಹೆಗಳು ನಾಳೆ ತಪ್ಪೆಂದು ತೋರಿದರೂ ಚಿಂತೆಯಿಲ್ಲ. ಬರೆದಿಟ್ಟದ್ದು ಉಳಿದರೆ ಸಾಕು.